ಒರಗುವ ಹಲಗೆ

"ನೀರು ಮತ್ತೆ ತುಂಬಿದೆ," ಎಂದರು ಡಾಕ್ಟರಮ್ಮ, ಪರದೆಯಲ್ಲಿ ಹೃದಯದ ಸುತ್ತ ಕಪ್ಪಗಿದ್ದ ಜಾಗಕ್ಕೆ ಬೆರಳಿಟ್ಟು.

"ಮತ್ತೆ ಅಂದ್ರೆ?" ಎಂದೆ.

ಮಂಚದ ಮೇಲಿದ್ದ ನನ್ನ ಗಂಡ ಕಿಟಕಿ ಕಡೆ ನೋಡಿದರು. ನಾದಿನಿ ಚೀಲದ ಜಿಪ್ಪು ಎಳೆದಳು, ಬಿಚ್ಚಿದಳು. ಡಾಕ್ಟರಮ್ಮ ಅವರಿಬ್ಬರನ್ನೂ ನೋಡಿ ದನಿ ತಗ್ಗಿಸಿದರು. ಶ್ವಾಸಕೋಶದ ಕ್ಯಾನ್ಸರ್ ಹೃದಯದ ಹೊರಚೀಲಕ್ಕೆ ಹರಡಿ ತಿಂಗಳುಗಳಾಗಿವೆ. ಹಿಂದೊಮ್ಮೆಯೂ ಸೂಜಿ ಹಾಕಿ ನೀರು ತೆಗೆದಿದ್ದಾರೆ. ಅಂದು ಅಣ್ಣ ತಂಗಿ ಕೆಲಸಕ್ಕೆ ಮರ ಆರಿಸಿ ತರುತ್ತೇವೆಂದು ನನಗೆ ಹೇಳಿ ಹೊರಟಿದ್ದು ಇಲ್ಲಿಗೆ.

ನನಗೆ ಹೇಳಿದ್ದು ಬೇರೆ. ಚಿಕಿತ್ಸೆ ಮುಗಿಯಿತು, ಎದೆ ಸ್ವಚ್ಛವಾಯಿತು ಅಂದಿದ್ದರು. ಮಲಗಿದರೆ ಉಸಿರು ಕಟ್ಟುವುದನ್ನು ಕಂಡು ಕೇಳಿದರೆ, "ಕತ್ತು ನೋವು ಕಣೇ. ಹುಲ್ಲು ಅಲ್ಲಾಡಿದ್ರೂ ನಿನಗೆ ಹಾವು."

ಇವರು ಬಡಗಿ. ಕತ್ತಿಗೆಂದು ಮಂಚಕ್ಕೊಂದು ಒರಗುವ ಹಲಗೆ ಮಾಡಿದರು. ಹಿಂದೆ ಕಚ್ಚುಗಳು, ಬೇಕಾದಷ್ಟು ಎತ್ತರಿಸಬಹುದು. ಕೊಯ್ಯುವಾಗ ತುದಿ ಹಿಡಿದವಳು ನಾನು. ಮರಳು ಕಾಗದ ಉಜ್ಜಿದವಳೂ ನಾನೇ. ದಿನ ಕಳೆದಂತೆ ಹಲಗೆ ಒಂದೊಂದೇ ಕಚ್ಚು ಮೇಲೇರುತ್ತಿದ್ದಾಗ, ಎಂಥ ಕೆಲಸ ನೋಡಿ ಎಂದು ಪಕ್ಕದ ಮನೆಯವರನ್ನು ಕರೆದು ತೋರಿಸಿದ್ದೆ. ನನಗೂ ಒಂದು ಮಾಡಿಕೊಡಿ ಎಂದಿದ್ದೆ. ಆಗ ಅಣ್ಣ ತಂಗಿ ಇಬ್ಬರೂ ನಕ್ಕಿದ್ದರು.

"ಬೇಜಾರು ಮಾಡ್ಕೋಬೇಡಿ ಅತ್ತಿಗೆ," ಎಂದಳು ನಾದಿನಿ. "ನಿಮಗೆ ತಡ್ಕೊಳ್ಳೋಕೆ ಆಗಲ್ಲ ಅಂತ ಅಣ್ಣನೇ..."

"ಯಾವ ಟೇಪು ಹಿಡಿದು ಅಳೆದ್ರಿ ಇಬ್ಬರೂ?"



ನೀರಿನ ಒತ್ತಡಕ್ಕೆ ಹೃದಯ ಅರಳಲಾಗದೆ ಒದ್ದಾಡುತ್ತಿದೆ, ಈಗಲೇ ತೆಗೆಯಬೇಕು, ಜೊತೆಗೆ ಒಬ್ಬರು ಮಾತ್ರ ಇರಬಹುದು ಎಂದರು ಡಾಕ್ಟರಮ್ಮ. ಮಾತು ಮುಗಿಯುವ ಮೊದಲೇ ನಾದಿನಿ ಮಂಚದ ಬಲಗಡೆ ಹೋಗಿ, ದಾರಿಗೆ ಅಡ್ಡವಾಗದಂತೆ ತಲೆಯ ಹತ್ತಿರ ನಿಂತಳು. ಎಲ್ಲಿ ನಿಲ್ಲಬೇಕೆಂದು ಅವಳಿಗೆ ಗೊತ್ತಿತ್ತು. ಎಲ್ಲಕ್ಕಿಂತ ಅದೇ ನನ್ನನ್ನು ಚುಚ್ಚಿತು.

"ಅವಳಿರ್ಲಿ ಬಿಡು," ಎಂದರು ಇವರು, ಏದುಸಿರಿನ ನಡುವೆ. "ನೀನು ಹೆದರ್ಕೋತೀಯ."

"ಹೆದರ್ಕೋತೀನಿ. ಹೆದರ್ಕೊಂಡೇ ನಿಂತಿರ್ತೀನಿ." ನಾದಿನಿಯ ಕಡೆ ತಿರುಗಿದೆ. "ನೀನು ಹೊರಗೆ ಕೂತ್ಕೋ."

ಅವಳು ಅಣ್ಣನ ಮುಖ ನೋಡಿದಳು. ನಾನು ಅವರ ಕೈ ಹಿಡಿದುಕೊಂಡೆ. ಅವಳು ಹೊರಗೆ ಹೋದಳು.

ಎದೆಮೂಳೆಯ ಕೆಳಗೆ ಸೂಜಿ ಇಳಿಯಿತು. ಕೊಳವೆಯಲ್ಲಿ ಕೆಂಪು ನೀರು ಹರಿಯತೊಡಗಿತು.

"ನೋವಾ?" ಎಂದೆ.

"ಇಲ್ಲ ಕಣೇ. ಏನೂ ಇಲ್ಲ."

ಅವರ ಉಗುರುಗಳು ನನ್ನ ಅಂಗೈಗೆ ನಾಟಿದ್ದವು.

"ಡಾಕ್ಟ್ರೇ," ಎಂದೆ, "ಇವರಿಗೆ ನೋವಾಗ್ತಿದೆ. ಇವರನ್ನ ಕೇಳ್ಬೇಡಿ. ನನ್ನನ್ನ ಕೇಳಿ."