ಬೆಟ್ಟ ಹತ್ತಿದ ದೋಣಿಯಲ್ಲಿ ಮದುವೆ

ಅಲಿಗೆನಿ ಬೆಟ್ಟದ ನೆತ್ತಿಯಲ್ಲಿ ನಾನು ಬ್ರೇಕ್ ಹಿಡಿಯುತ್ತಿದ್ದ ಕಾಲ ಅದು. ಪೂರ್ವದ ಕಾಲುವೆಯಿಂದ ಬಂದ ದೋಣಿಯನ್ನು ಮೂರು ತುಂಡಾಗಿ ಬಿಚ್ಚಿ, ಒಂದೊಂದನ್ನೂ ರೈಲುಬಂಡಿಯ ಮೇಲೆ ಕೂರಿಸಿ, ಉಗಿ ಇಂಜಿನ್ನಿನ ಹಗ್ಗದಿಂದ ಬೆಟ್ಟ ಹತ್ತಿಸಿ, ಆಚೆಯ ಕಾಲುವೆಗೆ ಇಳಿಸುತ್ತಿದ್ದೆವು.

ಒಂದು ವಸಂತದಲ್ಲಿ ಗಾಟ್ಲೀಬ್ ನೆಫ್‌ನ ದೋಣಿ ಬಂತು. ಮಾರನೆಯ ದಿನ ಬೆಟ್ಟದಾಚೆ ಅವನ ಮಗಳು ಕೆಟುರಾಳ ಮದುವೆ. ದೋಣಿಯ ಮುಂಭಾಗವೂ, ತಾಯಿ ಮಗಳಿದ್ದ ನಡುಭಾಗವೂ ಮೇಲೆ ಬಂದವು. ಅಷ್ಟರಲ್ಲಿ ಇಂಜಿನ್ನಿನ ಕೊಳವೆ ಒಡೆಯಿತು. ಹಿಂಭಾಗ ಬುಡದಲ್ಲೇ ಉಳಿಯಿತು. ಅದರೊಳಗೆ ಮದುವೆಯ ಊಟ, ಜೊತೆಗೆ ಕಾಲು ಮುರಿದುಕೊಂಡು ಪಟ್ಟಿ ಬಿಗಿಸಿಕೊಂಡಿದ್ದ ಗಾಟ್ಲೀಬ್.

ಸುದ್ದಿ ಕೇಳಿ ಮಾರನೆಯ ಬೆಳಿಗ್ಗೆ ಮದುಮಗ ಎಮ್ರಿಸ್, ನೆಂಟರನ್ನೂ ದಢೂತಿ ಪಾದ್ರಿಯನ್ನೂ ಕರೆದುಕೊಂಡು ಆಚೆ ಕಡೆಯಿಂದ ಮೇಲೆ ಬಂದ.

"ಅಪ್ಪ ಇಲ್ದೆ ನಾನು ಮದುವೆ ಆಗಲ್ಲ," ಎಂದಳು ಕೆಟುರಾ. ಆಮೇಲೆ ನನ್ನತ್ತ ತಿರುಗಿ, "ಅಣ್ಣಾ, ಇಳಿಯೋ ಬಂಡಿ ಭಾರವಾಗಿದ್ರೆ ಹತ್ತೋ ಬಂಡೀನ ಅದೇ ಎಳ್ಕೊಳ್ಳುತ್ತಲ್ವಾ?" ಎಂದು ಕೇಳಿದಳು.

"ಎಳ್ಕೊಳ್ಳುತ್ತೆ ತಾಯಿ. ಎರಡಕ್ಕೂ ಒಂದೇ ಹಗ್ಗ."

ಪೂರ್ವಕ್ಕೆ ಇಳಿಯಲು ಕಾದಿದ್ದ, ಕಬ್ಬಿಣ ತುಂಬಿದ ಬಂಡಿಯನ್ನು ಹಗ್ಗದ ಮೇಲಿನ ತುದಿಗೆ ಕಟ್ಟಿದೆ; ಕೆಳಗಿನ ತುದಿ ಗಾಟ್ಲೀಬ್‌ನ ಬಂಡಿಗಿತ್ತು. ಮಿಸುಕಲಿಲ್ಲ. ನೆಂಟರು ಹತ್ತಿದರು, ಎಮ್ರಿಸ್ ಹತ್ತಿದ. ಆದರೂ ಅಲ್ಲೇ ನಿಂತಿತ್ತು. ಎಲ್ಲರೂ ಪಾದ್ರಿಯ ಮುಖ ನೋಡಿದರು.

"ಇಷ್ಟು ದಿನ ನನ್ನ ಹೊಟ್ಟೆ ನೋಡಿ ನಗ್ತಿದ್ರಿ," ಎನ್ನುತ್ತಾ ಅವರೂ ಹತ್ತಿ ಕೂತರು. ಬಂಡಿ ಮೆಲ್ಲಗೆ ಜಾರಿತು. ನಾನು ಬ್ರೇಕನ್ನು ಅಂಗುಲ ಅಂಗುಲವಾಗಿ ಸಡಿಲಿಸಿದೆ.

ಅರ್ಧ ದಾರಿಯಲ್ಲಿ ಎರಡು ಬಂಡಿಗಳೂ ಪಕ್ಕಪಕ್ಕದಲ್ಲಿ ಹಾದವು.

"ಅಳಿಯಂದ್ರೇ, ಹುಡುಗಿ ಮೇಲಿದಾಳೆ. ನೀವೆಲ್ಲಿಗೆ ಹೊರಟ್ರಿ?" ಎಂದ ಗಾಟ್ಲೀಬ್.

"ನಿಮ್ಮನ್ನ ಮೇಲಕ್ಕೆ ಕಳಿಸೋಕೆ ಮಾವ. ಊಟ ಮುಟ್ಟಬೇಡಿ, ಬಂದೆ."

ಗಾಟ್ಲೀಬ್ ಮೇಲೆ ಬಂದಾಗ ಮಗಳು ಅವನ ಕೊರಳಿಗೆ ಜೋತುಬಿದ್ದಳು. ಮೂರೂ ತುಂಡನ್ನು ಹಳಿಯ ಮೇಲೆಯೇ ಜೋಡಿಸಿ ಕೊಂಡಿ ಹಾಕಿದೆವು. ಅಷ್ಟರಲ್ಲಿ ಎಮ್ರಿಸ್ ಏರನ್ನು ಓಡಿಯೇ ಹತ್ತಿ ಬಂದ. ಪಾದ್ರಿ ಬಂದದ್ದು ಎಲ್ಲರಿಗಿಂತ ಕೊನೆಗೆ, ಕೈಯಲ್ಲಿ ಟೋಪಿ ಹಿಡಿದು, ಬೆವರು ಸುರಿಸುತ್ತಾ. ಬೈಬಲ್ ತೆರೆದರೂ ಉಸಿರಿಲ್ಲ.

"ನಿಧಾನವಾಗಿ ಹೇಳಿ ಸ್ವಾಮಿ," ಎಂದಳು ಕೆಟುರಾ. "ನಾವೇನು ಓಡಿಹೋಗಲ್ಲ."

ದೋಣಿಯಲ್ಲೇ ಮದುವೆ ಆಯಿತು. ದೋಣಿಯ ಮೇಲೆ ಜಾಗ ಸಾಲದೆ ಹಳಿಯುದ್ದಕ್ಕೂ ಕೂತು ಉಂಡೆವು. ಮಧ್ಯಾಹ್ನ ಮತ್ತೆ ತುಂಡುಗಳನ್ನು ಬಿಚ್ಚಿ, ಹಗ್ಗ ಕಟ್ಟಿ, ಬ್ರೇಕ್ ಹಿಡಿದು ಪಶ್ಚಿಮದ ಇಳಿಜಾರಿಗೆ ಬಿಟ್ಟೆವು. ನಡುತುಂಡಿನ ಚಾವಣಿಯ ಮೇಲೆ ಗಂಡಹೆಂಡತಿ ಕಾಲು ಇಳಿಬಿಟ್ಟು ಕೂತು, ಕಾಡಿನ ನಡುವೆ ಹಾಡುತ್ತಾ ಇಳಿದುಹೋದರು.