ಅಕ್ಕನ ಮಾತಿನ ವೇಗ

"ಮಾತು ನಿಧಾನ ಆಗಿದ್ದು ಯಾವಾಗಿಂದ?" ಡಾಕ್ಟರು ಕೇಳಿದರು.

"ನಿಧಾನಾನಾ? ನಮ್ಮಕ್ಕನಾ?" ತಂಗಿಗೆ ಆ ಹೊತ್ತಲ್ಲೂ ನಗು ಬಂತು. "ಅರಳು ಹುರಿದ ಹಾಗೆ ಮಾತಾಡ್ತಾಳೆ ಡಾಕ್ಟ್ರೇ. ದಿನಾ ವಾಯ್ಸ್ ಮೆಸೇಜ್ ಕಳಿಸ್ತಾಳೆ. ಮೊನ್ನೆದೂ ಇದೆ, ಬೇಕಾದ್ರೆ ಕೇಳಿ."

ಮಂಚದ ಮೇಲಿದ್ದ ಅಕ್ಕ ಸುಮ್ಮನೆ ನೋಡುತ್ತಿದ್ದಳು. ಬೇರೆ ಊರಲ್ಲಿ ಒಬ್ಬಳೇ ಇದ್ದು ಹೊಲಿಗೆ ಅಂಗಡಿ ನಡೆಸುತ್ತಿದ್ದವಳು, ನಿನ್ನೆ ಮಿಷನ್ನಿನ ಮೇಲೇ ಕುಸಿದಿದ್ದಳು. ಆಮೇಲೆ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ತಲೆಯಲ್ಲಿ ಗಡ್ಡೆ ಬೆಳೆದಿದೆ ಎಂದು ಸ್ಕ್ಯಾನಿನಲ್ಲಿ ಕಂಡಿತ್ತು.

ತಂಗಿಯ ಕೆಲಸವೇ ಕೇಳುವುದು. ಗಿರಾಕಿಗಳು ಕಂಪನಿಗೆ ಮಾಡಿದ ಫೋನ್ ಕರೆಗಳನ್ನು ಎರಡರಷ್ಟು ವೇಗದಲ್ಲಿ ಓಡಿಸಿ ಕೇಳಬೇಕು, ಅಂಕ ಹಾಕಬೇಕು, ಮುಂದಿನದಕ್ಕೆ ಹೋಗಬೇಕು. ಕತ್ತೆತ್ತಲೂ ಪುರುಸೊತ್ತಿಲ್ಲ. ಆ ಚಾಳಿ ಮನೆಗೂ ಬಂದಿತ್ತು. ಅಕ್ಕನ ಮೆಸೇಜುಗಳನ್ನೂ ಹಾಗೇ ಓಡಿಸಿ, ಹಲ್ಲುಜ್ಜುತ್ತಲೋ ಬಸ್ಸು ಹತ್ತುತ್ತಲೋ ಕೇಳಿ, ಒಂದು ಹೆಬ್ಬೆರಳಿನ ಚಿತ್ರ ಒತ್ತಿಬಿಟ್ಟರೆ ಅಲ್ಲಿಗೆ ಮುಗಿಯಿತು.

ತಂಗಿ ಮೊನ್ನೆಯ ಮೆಸೇಜು ಒತ್ತಿದಳು. ಫೋನಿನಲ್ಲಿ ಅಕ್ಕ ಪಟಪಟನೆ ಮಾತಾಡಿದಳು. "ಕೇಳಿದ್ರಾ?"

ಡಾಕ್ಟರು ಪರದೆ ನೋಡಿದರು. "ಇದನ್ನ ಓಡಿಸ್ತಾ ಇದೀರಲ್ಲಮ್ಮಾ. ಮಾಮೂಲಿ ವೇಗಕ್ಕೆ ಹಾಕಿ."

ಹಾಕಿದಳು. "ಪುಟ್ಟೀ..." ಎಂದ ದನಿ ನಿಂತಿತು. ಆಮೇಲೆ ಕೆಸರಿನಿಂದ ಕಾಲು ಕೀಳುವ ಹಾಗೆ ಒಂದೊಂದೇ ಪದ ಬಂತು. "ನೀಲಿ... ಬಟ್ಟೆ... ತಂದಿಟ್ಟಿದೀನಿ. ಅಳತೆ... ಕೊಡೋಕೆ... ಬಾರೇ."

ಅದರ ಹಿಂದಿನದನ್ನು ಹಾಕಿದಳು, ಅದಕ್ಕೂ ಹಿಂದಿನದನ್ನು ಹಾಕಿದಳು. ತಿಂಗಳ ಹಿಂದೆಯೇ ನಾಲಗೆ ಎಳೆಯುತ್ತಿತ್ತು. ಅಯ್ಯೋ, ಓಡಿಸಿ ಓಡಿಸಿ ಅದನ್ನು ಹಳೆಯ ಅಕ್ಕನ ಮಾತೇ ಮಾಡಿಕೊಂಡಿದ್ದಳಲ್ಲ!

"ಆಗಲೇ ಕರ್ಕೊಂಡು ಬಂದಿದ್ರೆ?"

ಡಾಕ್ಟರು ಫೈಲು ಮುಚ್ಚಿದರು. "ತಲೆಯೊಳಗಿನ ಗಡ್ಡೆ ಆಗ ಚಿಕ್ಕದಿರ್ತಿತ್ತು. ಮಾತು ಉಳೀತಿತ್ತೇನೋ. ಇನ್ನು ಕಷ್ಟ," ಎಂದು ಹೊರಗೆ ಹೋದರು.

ತಂಗಿ ಮಂಚದ ಅಂಚಿಗೆ ಕೂತು ಅಕ್ಕನ ಕೈ ಹಿಡಿದಳು. "ಬೈಯೇ ಅಕ್ಕಾ. ಒಂದೇ ಒಂದ್ಸಲ ಬೈದುಬಿಡೇ," ಎಂದು ಬಿಕ್ಕಿದಳು. ಚೀಲದೊಳಗೆ ಆಫೀಸಿನ ಫೋನು ಗುರುಗುಟ್ಟಿತು. ನಿಂತಿತು. ಮತ್ತೆ ಗುರುಗುಟ್ಟಿತು. ಅವಳು ತೆಗೆಯಲಿಲ್ಲ.

ಅಕ್ಕನ ತುಟಿ ಅಲುಗಿತು, ಏನೂ ಬರಲಿಲ್ಲ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ತಂಗಿಯ ಕಣ್ಣೊರೆಸಿದಳು. ಆಮೇಲೆ ಅವಳ ಕೈಗಡಿಯಾರದ ಮೇಲೆ ಬೆರಳಿಂದ ತಟ್ಟಿ, ಕೆಲಸಕ್ಕೆ ಹೊತ್ತಾಯಿತು ಹೊರಡು ಅನ್ನುವಂತೆ, ಬಾಗಿಲ ಕಡೆ ತೋರಿಸಿದಳು.