ಖರಬೂಜದ ಕೆನ್ನೆ

"ಅಳೇ ಸಿರ್ಗಾ," ಎಂದು ಬುರ್ಮಕಾನ್ ಸೊಂಟಕ್ಕೆ ತಿವಿದಳು. ಅವಳು ಸತ್ತವನ ಸೋದರತ್ತೆ. "ಪದ್ಧತಿ ಪ್ರಕಾರ ಗೋಡೆಗೆ ಮುಖ ಮಾಡಿ ಕೂತಿದೀಯ, ಸರಿ. ಬಾಯಿಗೇನಾಯ್ತು? ಹೊರಗೆ ಗಂಡಸರು ದನಿಗೂಡಿಸೋಕೆ ಅಂತ ಕಿವಿ ನಿಗುರಿಸ್ಕೊಂಡು ನಿಂತಿದಾರೆ."

ಸಿರ್ಗಾ ಬಾಯಿ ತೆರೆದಳು. ಏನೂ ಬರಲಿಲ್ಲ. ಡೇರೆಯ ಕಂಬಳಿ ಗೋಡೆ ಕುರಿಯ ವಾಸನೆ ಹೊಡೆಯುತ್ತಿತ್ತು. ಪರದೆಯ ಆಚೆ ಅವಳ ಗಂಡ ತಾಲಾಯ್ ಹೆಣವಾಗಿ ಮಲಗಿದ್ದ. ಹೆಂಡತಿ ಹಾಡಿ ಅಳದೆ ಗಂಡನನ್ನು ಮಣ್ಣಿಗೆ ಕಳಿಸಿದರೆ ನರೀನ್ ಊರು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತದೆ. ಊರು ಹಾಳಾಗಲಿ, ತನಗೆ ದುಃಖ ಇದೆಯೋ ಇಲ್ಲವೋ ಎಂದು ಬೆಳಗಿನಿಂದ ಅವಳಿಗೇ ಅನುಮಾನ ಬಂದಿತ್ತು.

ಇದರ ಮೇಲೆ, ತಬ್ಬಿ ಸಮಾಧಾನ ಹೇಳಲು ಬಂದವರೆಲ್ಲ ಅವಳ ಮುಖ ನೋಡಿ ನಗು ತಡೆದವರಂತೆ ತುಟಿ ಕಚ್ಚಿಕೊಳ್ಳುತ್ತಿದ್ದರು.

"ನಿನ್ನ ಎಲ್ಲೋ ನೋಡಿದೀನಲ್ಲಮ್ಮ," ಎಂದಳು ಅಂಚೆಕಚೇರಿಯ ಹೆಂಗಸು.

"ದುಃಖದಲ್ಲಿ ಎಲ್ಲರ ಮುಖಾನೂ ಒಂದೇ," ಎಂದಳು ಬುರ್ಮಕಾನ್.

*

ತಾಲಾಯ್ ಬಜಾರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಹೊಸ ಕಂಪ್ಯೂಟರಿನಲ್ಲಿ ಕಂಪನಿಯವರು ತುರುಕಿ ಕಳಿಸುವ ಜಾಹೀರಾತು, ಆಟ, ಬೇಡದ ಸರಕು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು.

"ಮದುವೆಯಾಗಿದ್ದು ಒಬ್ಬಳನ್ನ. ಅವಳ ಬಳಗವೆಲ್ಲ ಬಂದು ಮನೇಲಿ ಕೂತ್ರೆ?"

ಅದಕ್ಕೇ ತನ್ನ ಕಂಪ್ಯೂಟರಿನಿಂದ ಎಲ್ಲ ಕಸ ಗುಡಿಸಿ, ಉಳಿದದ್ದನ್ನೆಲ್ಲ ಇದ್ದ ಹಾಗೇ ಡಿಸ್ಕಿಗಿಳಿಸಿ, ಊರಿನ ಕಂಪ್ಯೂಟರುಗಳಿಗೆಲ್ಲ ಹಾಕಿಕೊಡುತ್ತಿದ್ದ.

ಒಂದು ಬೇಸಿಗೆಯಲ್ಲಿ ಸಿರ್ಗಾ ಖರಬೂಜದ ದೊಡ್ಡ ಹೋಳನ್ನು ಒಂದೇ ಕೆನ್ನೆಗೆ ತುರುಕಿಕೊಂಡು ಅವನನ್ನು ಬೈಯುತ್ತಿದ್ದಳು. ಅವನು ಫೋಟೊ ಹೊಡೆದು ತನ್ನ ಕಂಪ್ಯೂಟರಿನ ಪರದೆಗೆ ಹಾಕಿಕೊಂಡ.

"ತೆಗೀ ಅದನ್ನ. ಯಾರಾದ್ರೂ ನೋಡಿದ್ರೆ?"

"ನನ್ ಮೆಷಿನ್ನು. ನಾನೊಬ್ನೇ ನೋಡೋದು."

*

ಮಧ್ಯಾಹ್ನ ಶಾಲೆಯ ಹೆಡ್‌ಮಿಸ್ಟ್ರೆಸ್ ಜಿಪಾರ್ ಬಂದು ಸಿರ್ಗಾಳನ್ನು ತಬ್ಬಿದಳು, ಮುಖ ನೋಡಿದಳು, ಗಕ್ಕನೆ ನಿಂತಳು.

"ನೀವು... ಖರಬೂಜದವರಲ್ವಾ?"

ಸಿರ್ಗಾ ಕಣ್ಣು ಬಿಟ್ಟಳು.

"ನಮ್ ಶಾಲೇಲಿ ಯಾವ ಕಂಪ್ಯೂಟರ್ ಹಾಕಿದ್ರೂ ಪರದೆ ಮೇಲೆ ನೀವೇ, ಬಾಯ್ತುಂಬ ತುಂಬ್ಕೊಂಡು. ನಿಮ್ಮೆಜಮಾನ್ರು ಹಾಕ್ಕೊಟ್ಟ ಡಿಸ್ಕ್ ಜೊತೆ ಆ ಫೋಟೊನೂ ಬಂದ್ಬಿಟ್ಟಿದೆ. ತೆಗೆಸೋಣ ಅಂದ್ರೆ ಮಕ್ಕಳು ಬಿಡಲಿಲ್ಲ."

"ಅದೇ ನೋಡು ನಾನಂದಿದ್ದು," ಎಂದಳು ಅಂಚೆಯವಳು. "ನಮ್ ಕೌಂಟರಲ್ಲೂ ಇವಳೇ."

ಬುರ್ಮಕಾನ್ ಮುಂದಕ್ಕೆ ಬಾಗಿದಳು. "ಮಸೀದೀಲಿ?"

"ಅಲ್ಲೂ. ಇಮಾಮರು ಪರದೆ ಮೇಲೊಂದು ಕರವಸ್ತ್ರ ಹಾಕಿರ್ತಾರೆ," ಎಂದಳು ಜಿಪಾರ್.

ಸಿರ್ಗಾ ಗೋಡೆಯತ್ತ ತಿರುಗಿದಳು. ಭುಜ ಕುಲುಕಿತು. ಗಂಟಲಿನಿಂದ ಹೊರಟ ದನಿ ಮೊದಲಿಗೆ ಅಳುವಿನದಾಗಿರಲಿಲ್ಲ. ನಡುವೆ ಎಲ್ಲೋ ದಾರಿ ಬದಲಿಸಿತು. ಹೊರಗೆ ಗಂಡಸರು ಕೋಲಿಗೊರಗಿ ದನಿಗೂಡಿಸಿದರು.

"ಬಂತು," ಎಂದು ಬುರ್ಮಕಾನ್ ಉಸಿರು ಬಿಟ್ಟಳು.

ಮಣ್ಣು ಮಾಡಿ ಬಂದ ಮೇಲೆ ಹೆಂಗಸರು ಬಟ್ಟೆ ಹಾಸಿ ಊಟಕ್ಕಿಟ್ಟರು. ಬುರ್ಮಕಾನ್ ಖರಬೂಜದ ಹೋಳೊಂದನ್ನು ಸಿರ್ಗಾಳ ಕೈಗಿತ್ತಳು. ಅವಳು ಅದನ್ನು ಇಡಿಯಾಗಿ ಒಂದೇ ಕೆನ್ನೆಗೆ ತುರುಕಿಕೊಂಡಳು. ಉಬ್ಬಿದ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

ಅಂಚೆಯವಳು ಗುರುತು ಹತ್ತಿದವಳಂತೆ ಮೆಲ್ಲಗೆ ತಲೆಯಾಡಿಸಿದಳು.